ಎಡಕ್ಕ ಬಿದ್ದ ಹೂ

ಹಲೋ… ಹಾಂ, ಯಾರ್ರೀ ಮಾತಾಡೋದು?… ನಾನ ರಿ, ಸುವರ್ಣಾ. ಘೋಡಗೇರಿಯಿಂದ. ನೀವ್ಯಾರು?… ಹಲೋ? ಕೇಳಸವಲ್ದರಿ, ಸ್ವಲ್ಪ ಜೋರ ಮಾತಾಡ್ರಿ…

…ಕಾಕಾ? ನೀ ಏನು? ಮತ್ತ ಇದ್ಯಾರ ನಂಬರು?… ಉದ್ದಪ್ಪಂದು. ಯಾವ ಉದ್ದಪ್ಪ?… ಹಾಂ, ಈಗ ಯಾರ ಹೊಲದಾಗ ಕುರಿ ತರುಬೀರಿ, ಅವರು. ಮೂಡಲಗಿ ದಾಟಿ ಆ ಕಡೆ, ಹೌದಿಲ್ಲೋ?… ನಿನ್ನ ಫೋನಿಗೆ ಏನಾತು?… ಕಾಲವಿ ನೀರಾಗ ಬಿತ್ತು. ಬೀಳ್ಲಿ ಬಿಡು, ಇದ್ದಾಗರ ಎಲ್ಲಿ ಎತ್ತತಿದ್ದಿ… ಇದರದೂ ಚಾರ್ಜ್ ಕಡಿಮಿ ಐತೇನು? ಹಂಗಾದ್ರ ಲಗೂನ ಹೇಳು. ನಾ ಬ್ಯಾಗ್ ತುಂಬಾಕತ್ತಿದ್ನಿ…

…ಯಾಕ ಅಂದ್ರ? ನಾಳೆ ಮುಂಜಾನಿ ಘಟಪ್ರಭಾ ಸ್ಟೇಶನ್ದಾಗ ಗಾಡಿ ಹತ್ತಬೇಕಲ್ಲ. ಮಿರಜಕ್ಕ ಹೋಗಿ, ಅಲ್ಲಿಂದ ನಾಗಪುರ. ಗೊತ್ತಿಲ್ಲದವರಗತೆ ಕೇಳ್ತಿಯಲ್ಲ…

…ಏನಂದಿ?… ಇನ್ನೊಮ್ಮೆ ಹೇಳು… ಬೀರಪ್ಪ ಬ್ಯಾಡ ಅಂದಾ?… ಯಾವಾಗ ಕೇಳ್ದಿ ನೀ ಬೀರಪ್ಪನ್ನ?…

…ನಿನ್ನೆ ಮುಂಜಾನಿ. ಇಲ್ಲೆ, ನಮ್ಮೂರ ಗುಡ್ಯಾಗ?… ಅಂದ್ರ ಊರಿಗೆ ಬಂದಿದ್ದಿ. ಊರಿಗೆ ಬಂದು, ಗುಡಿಗೆ ಹೋಗಿ, ನಮ್ಮ ಮನಿ ಮುಂದ ಹಾದು, ಒಂದ ಕಪ್ ಚಾ ಸೈತ ಕುಡೀಲಾರದ ಹೊಳ್ಳಿ ಹೋದಿ. ಯಾಕ?… ಕುರಿ ಬಿಟ್ಟ ಬಂದಿದ್ನಿ ಅನ್ನಬ್ಯಾಡ. ಗುಡ್ಯಾಗ ನಿಂತಾಗ ಓಡಿ ಹೋಗದ ಕುರಿ ಚಾ ಕುಡಿಯೂದರಾಗ ಓಡಿ ಹೋಗ್ತಾವೇನು? ನನ್ನ ಮುಖ ನೋಡಾಕ ಆಗ್ಲಿಲ್ಲ ನಿನಗ, ಅದನ್ನ ಹೇಳು…

…ಇರ್ಲಿ. ಹೂ ಯಾವ ಕಡೆ ಬಿತ್ತು?… ಎಡಕ್ಕ. ಖರೇನ ಎಡಕ್ಕ?… ಹಂಗಾದ್ರ ಪೂಜಾರಿ ಭಂಡಾರನೂ ಕೊಟ್ಟಿರೂದಿಲ್ಲ. ಬಲಕ್ಕ ಬಿದ್ರ ಅಷ್ಟ ಒಂದ ಚಿವುಟಿ ಅರಿಷಿಣ ಕಾಗದದಾಗ ಕಟ್ಟಿ ಕೊಡಾಂವ ಅಂವ, ಎಡಕ್ಕ ಬಿದ್ರ ಬರಿಗೈಲೆ ಕಳಸ್ತಾನ… ಯಾಕ ಕೆಮ್ಮತಿ?… ಹಾಂ. ಸರಿ. ಪೂಜಾರಿ ದೇವರಿಗೆ ಹೂ ಹಚ್ಚಿದಾ, ನೀ ಹೊಸ್ತಲದಾಗ ಕೈ ಮುಗದ ನಿಂತಿ, ಹೂ ಎಡಕ್ಕ ಬಿತ್ತು, ಹುಡುಗಿ ಊರ ಬಿಡಬಾರ್ದು. ಮುಗೀತು…

…ಇಲ್ಲ, ಮುಗೀಲಿಲ್ಲ. ನೀ ನನಗ ಒಂದ ಹೇಳು ಕಾಕಾ. ಪ್ರತಿ ವರ್ಷಾ ದೀವಳಗಿ ಆದ ಮ್ಯಾಲೆ ಕುರಿ ಹೊಡಕೊಂಡ ಹೊಂಡಾಗ ಹೂ ಯಾರ ಕೇಳ್ತಾರ?… ಹಿಂಡಿನ ಮುಂದ ನಡಿಯಾಂವ. ಅಪ್ಪ ಇದ್ದಾಗ ಅಪ್ಪ ಕೇಳ್ತಿದ್ದಾ, ಅಪ್ಪ ತೀರಕೊಂಡ ಮ್ಯಾಲೆ ನೀ. ಯಾರ ಕಾಲು ಊರ ಸೀಮಿ ದಾಟ್ತಾವ, ಅವರ ಹೊಸ್ತಲದಾಗ ನಿಲ್ಲಬೇಕು. ನೀನ ಕಲಿಸಿದ್ದು ಇದನ್ನ. ನಾಗಪುರಕ್ಕ ಹೋಗಾವು ನನ್ನ ಕಾಲು, ನಿನ್ನ ಕಾಲಲ್ಲ. ನನ್ನ ಬಿಟ್ಟು ನೀ ಹೆಂಗ ಕೇಳ್ದಿ?…

…ಹೆಣ್ಣಮಕ್ಳು ಹೂ ಕೇಳೂದಿಲ್ಲ. ಹೌದು, ಕೇಳೂದಿಲ್ಲ. ಯಾಕಂದ್ರ ಇಲ್ಲಿ ತನಕ ಯಾವ ಹೆಣ್ಣಮಗಳೂ ಮುಂದ ನಡದಿಲ್ಲ. ಈಗ ಒಬ್ಬಾಕಿ ನಡಿಯಾಕ ಹೊಂಟಾಳ, ಆಕಿನ್ನ ಕರೀಬೇಕಾಗಿತ್ತು…

…ಎಷ್ಟ ಸಲ ಕೇಳ್ದಿ ಹೂ?… ಒಮ್ಮೆನ? ಬರೇ ಒಮ್ಮೆ?… ಯಾಕ ಕೇಳ್ತೇನಂದ್ರ, ನಿನ್ನ ಬಲ್ಲೆ ನಾ. ಹಿಂದೊಮ್ಮೆ ಕೊಲ್ಲಾಪುರ ಕಡೆ ಕುರಿ ಒಯ್ಯಬೇಕಂತ ನಿನ್ನ ಮನಸಿನ್ಯಾಗ ಇತ್ತು. ಹೂ ಎಡಕ್ಕ ಬಿತ್ತು. ಗಾಳಿ ಬೀಸ್ತು ಅಂದಿ, ಮತ್ತ ಹಚ್ಚಸಿದಿ. ಮತ್ತ ಎಡಕ್ಕ ಬಿತ್ತು. ಹೂ ಭಾಳ ತೊಯ್ದೈತಿ ಅಂದಿ. ಬಲಕ್ಕ ಬೀಳೂ ತನಕ ಪೂಜಾರಿನ್ನ ಉಣ್ಣಾಕ ಬಿಡಲಿಲ್ಲ. ನಾ ಸಣ್ಣಾಕಿ, ಗುಡಿ ಕಟ್ಟಿ ಮ್ಯಾಲೆ ಕುಂತು ಎಲ್ಲಾ ನೋಡೇನಿ… ನಗಬ್ಯಾಡ. ನಗೂ ಮಾತಲ್ಲ ಇದು… ಮಾತ ಮರಸಬ್ಯಾಡ ಕಾಕಾ, ನಿನ್ನೆ ಎಷ್ಟ ಸಲ ಕೇಳ್ದಿ?… ಮೂಡಲಗ್ಯಾಗ ಮಳಿ ಆದ್ರ ನನಗೇನು, ನಾ ಕೇಳಿದ್ದೇನು, ನೀ ಹೇಳೂದೇನು…

…ಹೋಗ್ಲಿ ಬಿಡು, ಹೇಳಬ್ಯಾಡ. ಎಡಕ್ಕ ಬಿತ್ತು ಅಂತನ ತಿಳಕೊಳ್ಳೂಣು. ಆದ್ರೂ ನಾ ಹೋಗಾಕಿನ. ಬೀರಪ್ಪ ನನ್ನ ಮುಂದ ಬಂದು ನಿಂತು ಬ್ಯಾಡ ಅಂದ್ರೂ ಹೋಗಾಕಿ. ಅವಗೂ ಹೇಳ್ತೇನಿ, ನೀನೂ ಕುರಿ ಬೆನ್ನ ಹತ್ತಿ ಊರೂರ ತಿರಗಿದಾಂವ ಅಲ್ಲೇನ, ನನಗೊಬ್ಬಾಕಿಗೆ ಯಾಕ ಬ್ಯಾಡ ಅಂತಿ ಅಂತ ಕೇಳ್ತೇನಿ… ಗಲ್ಲ ಗಲ್ಲ ಬಡಕೋ ಅಂದ್ರ ಬಡಕೊಳ್ಳೂದಿಲ್ಲ. ಅಂವಗ ಸಿಟ್ಟ ಬಂದ್ರ ನನ್ನ ಮ್ಯಾಲೆ ಬರ್ಲಿ, ನೀ ಯಾಕ ಹೆದರತಿ…

…ಹೌದು, ರೈಲ ಓಡಸೂ ಕೆಲಸ. ಎಂಜಿನ್ದಾಗ ಕುಂದ್ರೂದು. ಮೊದಲ ದೊಡ್ಡ ಡ್ರೈವರ್ ಬಾಜೂಕ ಕುಂತು ಕಲಿಯೂದು, ಆಮ್ಯಾಲೆ ನಾನ ಓಡಸೂದು… ಯಾರ ನಗತಾರ? ನಗ್ಲಿ. ಹಲ್ಲ ಅವರವು. ನೀ ಹಿಂಡಿನ ಮುಂದ ನಡೀತಿ, ನಾ ಐವತ್ತ ಡಬ್ಬಿ ಮುಂದ ಹೋಗ್ತೇನಿ. ನನ್ನ ಡಬ್ಬಿ ಅಂತೂ ಹಳಿ ಬಿಟ್ಟ ಇಳದು ಮಂದಿ ಹೊಲದಾಗಿನ ಗೊಂಜಾಳ ತಿನ್ನೂದಿಲ್ಲ, ಯಾರೂ ಬಡಿಗಿ ತಗೊಂಡ ನನ್ನ ಬೆನ್ನ ಹತ್ತೂದಿಲ್ಲ…

…ಹುಬ್ಬಳ್ಳಿ ಕೇಳಿದ್ನಿ, ನಾಗಪುರ ಬಂತು. ಬಂದಲ್ಲಿ ಹೋಗಬೇಕು. ನೀ ಮೇವ ಎಲ್ಲೈತಿ ಅಲ್ಲಿಗೆ ಹೋಗ್ತಿಯೋ, ಇಲ್ಲಾ ನೀ ಕುಂತಲ್ಲಿಗೆ ಮೇವ ಬಾ ಅಂತಿಯೋ?…

…ಬಂತು ನೋಡು ಮತ್ತ ನಿಡಸೋಸಿ ಮಾತು. ಗೊತ್ತೈತಿ ಕಾಕಾ, ಕಾಲೇಜಿನ ಲ್ಯಾಬ್ದಾಗ ಕೆಲಸ ಕೊಡ್ತೇವಿ ಅಂದಾರ. ಮುಂಜಾನಿ ಬಸ್ಸಿಗೆ ಹೋಗೂದು, ಸಂಜಿಕ ಮನ್ಯಾಗ. ನೀ ನಾಲ್ಕ ಮಂದಿ ಕೈ ಕಾಲ ಹಿಡದು ಕೇಳಿದಿ, ಅದೂ ಗೊತ್ತೈತಿ. ಕೆಟ್ಟ ಕೆಲಸ ಅನ್ನೂದಿಲ್ಲ ನಾ. ನಾ ಓದಿದ್ದು ಅಲ್ಲೆ, ಆ ಮಷಿನ್ ಎಲ್ಲಾ ನನ್ನ ಕೈ ಗುರ್ತ ಹಿಡೀತಾವ. ಈ ವಾರ ಪೂರ್ತಿ ಅದೋ ಇದೋ ಅಂತ ತಲಿ ಕೆಡಿಸ್ಕೊಂಡ ಕುಂತೇನಿ. ಒಂದ ದಿನ ನಿಡಸೋಸಿಗೇ ಹೋಗ್ತೇನಿ ಅಂತ ಅವ್ವಗ ಹೇಳೂ ಬಿಟ್ಟಿದ್ನಿ… ಹಾಂ. ಹೇಳಿಲ್ಲೇನ ಅವ್ವ ನಿನಗ?… ಹೇಳಿ ಉಣ್ಣಾಕ ಕುಂತ್ನಿ. ತಾಟ ಹಂಗ ಬಿಟ್ಟ ಎದ್ನಿ. ಯಾರೋ ಸತ್ತಂಗ ಆತು ಕಾಕಾ, ಖರೆ ಹೇಳ್ತೇನಿ. ಆಗ ಗೊತ್ತಾತು ನನಗ, ಯಾವ ಕಡೆ ಹೋಗಬೇಕಂತ. ನನ್ನ ಹೂ ಅವತ್ತ ಬಿತ್ತು…

…ಮಾಲಿಂಗನ ಜೋಡಿ ಲಗ್ನದ ಮಾತ ತಗೀಬ್ಯಾಡ. ಕಾಕಿ ಅಣ್ಣನ ಮಗ, ಒಳ್ಳೆ ಹುಡುಗ, ಕುಡಿಯೂದಿಲ್ಲ, ಎಲ್ಲಾ ಖರೆ. ಆದ್ರ ಅವನ ಕಣ್ಣ ಹಿಂಡಿನ ಮ್ಯಾಲೆ ಐತಿ, ನನ್ನ ಮ್ಯಾಲೆ ಇಲ್ಲ. ಹೋದ ಸಲ ಮನಿಗೆ ಬಂದಾಗ ಹೆಂಗದಿ ಸುವರ್ಣಾ ಅನ್ನಲಿಲ್ಲ, ಟಗರ ಹೆಂಗೈತಿ ಅಂತ ಕೇಳಿದಾ. ಟಗರ ಛಲೋ ಐತಿ ಅಂದ್ನಿ. ಅಷ್ಟ ನಮ್ಮ ಮಾತು… ನಿನಗ ಗಂಡಮಕ್ಳಿಲ್ಲ, ಹಿಂಡ ಯಾರಿಗೆ ಬಿಡೂದು ಅಂತ ಚಿಂತಿ ಐತಿ, ಗೊತ್ತೈತಿ ನನಗ. ಅವಗ ಬಿಡು, ಕಾಯ್ಕೊಂಡ ಹೋಗ್ತಾನ. ಹಿಂಡಿನ ಜೋಡಿ ನನ್ನನ್ನೂ ಹೊಡಕೊಂಡ ಹೋಗು ಅಂತ ಹೇಳಬ್ಯಾಡ…

…ಗುರ್ತಿಲ್ಲದ ಊರು. ಹೂಂ. ನಾ ಹುಟ್ಟಿದ್ದ ಎಲ್ಲಿ?… ಹೇಳು, ನಿನ್ನ ಬಾಯಿಲೆ ಕೇಳಬೇಕು… ರಾಯಬಾಗ ಹತ್ರ, ಕಬ್ಬ ಕಡದ ಹೊಲದಾಗ. ಯಾರ ಹೊಲ?… ನೋಡು, ಹೊಲದವರ ಹೆಸರ ಸೈತ ನೆನಪಿಲ್ಲ ನಿನಗ. ಗುರ್ತಿನ ಊರೇನದು? ಅವ್ವ ಹಸಿ ಬಾಣಂತಿ, ಕುದರಿ ಮ್ಯಾಲೆ ಹೇರಿದ ಸಾಮಾನಿನ ನಡುವ ನನ್ನ ಕಂಬಳ್ಯಾಗ ಸುತ್ತಿ ಇಟ್ಟು ಮುಂದಿನ ಊರಿಗೆ ನಡದಾಳ. ಸಾಲ್ಯಾಗ ಮಾಸ್ತರ ಹುಟ್ಟಿದ ಊರ ಯಾವುದು ಅಂದ್ರ ನಾ ಏನ ಹೇಳಬೇಕು ತಿಳೀಲಾರದ ನಿಂತಾಕಿ. ಅಂಥಾಕಿಗೆ ಈಗ ಊರ ಬಿಡಬಾರ್ದು ಅಂತಿ. ಕುರಬರ ಹುಡುಗಿಗೆ ತಿರಗಬ್ಯಾಡ ಅನ್ನಾಕ ಹೆಂಗರ ಬಾಯಿ ಬರ್ತೈತಿ ನಿನಗ?…

…ನೀವು ಹೊಳ್ಳಿ ಬರ್ತೀರಿ. ನಾ ಬರೂದಿಲ್ಲ ಅಂತ ಯಾರ ಅಂದ್ರು? ಕೇಳಿಲ್ಲಿ. ನಾ ಹುಟ್ಟಿದಾಗ ಅಪ್ಪ ನನ್ನ ಹೆಸರಲೆ ಒಂದ ಮರಿ ಬಿಟ್ಟಿದ್ದಾ, ಗುರ್ತಿಗೆ ಬಲಗಿವಿಗೆ ಕಚ್ಚ ಹಾಕಿ. ಅದರ ಮಕ್ಳು ಮೊಮ್ಮಕ್ಳು ಎಲ್ಲಾ ಈಗ ನಿನ್ನ ಕಣ್ಣ ಮುಂದ ಮೇಯಾಕತ್ತಾವ, ಹೌದಿಲ್ಲೋ?… ಅವನ್ನ ಮಾರು ಅಂದೇನೇನು? ಬ್ಯಾರೆ ಮಾಡಿ ಕೊಡು ಅಂದೇನೇನು? ಅಲ್ಲೆ ಇರ್ಲಿ ಅಂದೇನಿ. ಹಿಂಡಿನ್ಯಾಗ ಕುರಿ ಬಿಟ್ಟಾಕಿ ಹೊಳ್ಳಿ ಬರ್ಲಾರದ ಏನ ಮಾಡ್ತಾಳ…

…ಹೆದರಿಕಿ? ಐತಿ. ಭಾಳ ಐತಿ. ಹಿಂದಿ ಹರಕಾ ಮುರಕಾ ಬರ್ತೈತಿ. ಹುಕ್ಕೇರಿ ಜೀನತ ನೆನಪೈತೇನು, ನನ್ನ ಜೋಡಿ ಓದಿದಾಕಿ? ಅವರವ್ವ ಬಿಬಿಜಾನ ಚಾಚಿ ಒಂದ ತಿಂಗಳಿಂದ ಹಿಂದಿ ಕಲಸಾಕತ್ತಾಳ. ನಾ ಬಾಯಿ ತಗದ್ರ ಸಾಕು, ಮಷಿನ್ ಹೊಲಿಯೂದ ಬಿಟ್ಟು ನಗತಾಳ… ಇಲ್ಲ, ಜೀನತ ಬರೂದಿಲ್ಲ, ನಾ ಒಬ್ಬಾಕಿನ. ಹೆದರಿಕಿ ಆಗೂದಿಲ್ಲ ಅಂತ ನಾ ಅಂದಿಲ್ಲ. ಹೆದರಕೊಂತನ ಹೋಗ್ತೇನಿ ಅಂದೇನಿ…

…ಅವ್ವನ ಕೈಯಾಗ ಕೊಡ್ಲಿ?… ಕೊಟ್ರೂ ಮಾತಾಡೂದಿಲ್ಲ ಆಕಿ. ನಿನ್ನೆಯಿಂದ ನನ್ನ ಜೋಡಿ ಮಾತ ಬಿಟ್ಟಾಳ. ರೊಟ್ಟಿ ಬಡಿಯೂದ ಬಿಟ್ಟಿಲ್ಲ. ಕಟಕ ರೊಟ್ಟಿ ಬುಟ್ಟಿ ತುಂಬಿ ಹೊರಗ ಬಂದಾವ, ಇನ್ನೂ ಬಡಿಯಾಕತ್ತಾಳ. ಸಪ್ಪಳ ಕೇಳಸ್ತೈತೇನು?… ಕಳಸಾಕ ಒಲ್ಲೆ ಅನ್ನಾಕಿ ಇಷ್ಟ ರೊಟ್ಟಿ ಮಾಡ್ತಾಳೇನು, ನೀನ ಹೇಳು. ಗೋಕಾಕ ಪ್ಯಾಟ್ಯಾಗ ಗಾಲಿ ಇರೂ ಬ್ಯಾಗ್ ತಂದೇನಿ, ಅದರಾಗ ಅರ್ಧಾ ರೊಟ್ಟಿನ ಆಗ್ಯಾವ…

…ಕಂಬಳಿ? ಇಟ್ಟೇನಿ. ಅಪ್ಪಂದು… ಗೊತ್ತೈತಿ, ನಾಗಪುರದಾಗ ಸೆಕಿ ಭಾಳ ಅಂತಾರ. ಆದ್ರೂ ಒಯ್ತೇನಿ…

…ಕಾಕಾ?… ಅಳಾಕತ್ತಿ ಏನು?… ಗಾಳಿ ಸಪ್ಪಳ ಅಂತಿ. ಸರಿ, ಗಾಳೀನ. ನಿನಗ ಯಾವಾಗ್ಲೂ ಗಾಳೀನ ಸಿಗ್ತೈತಿ…

…ಇಲ್ಲ, ಹಂಗ ಅನ್ನಬ್ಯಾಡ. ಅಪ್ಪ ಹೋದ ಮ್ಯಾಲೆ ನನ್ನ ಸಾಕಿದಾಂವ ನೀ. ಸಾಲಿ ಬಿಡ್ಸು ಅಂತ ಓಣಿ ಮಂದಿ ಎಲ್ಲಾ ಅಂದಾಗ ಬಿಡ್ಸೂದಿಲ್ಲ ಅಂದಾಂವ ನೀ. ಅದನ್ನ ಮರ್ತಿಲ್ಲ. ಅದಕ್ಕನ ನಿನ್ನ ಮ್ಯಾಲೆ ಇಷ್ಟ ಸಿಟ್ಟು ನನಗ. ಮಂದಿ ಬ್ಯಾಡ ಅಂದ್ರ ಕಿವಿಗೆ ಹಾಕೊಳ್ಳೂದಿಲ್ಲ ನಾ. ನೀ ಅಂದ್ರ ಕೇಳಸ್ತೈತಿ…

…ಕೇಳು, ಚಾರ್ಜ್ ಹೋಗೂದರಾಗ ಹೇಳಿ ಬಿಡ್ತೇನಿ. ವರ್ಷಾ ನೀ ಕುರಿ ತಗೊಂಡ ಹೊಂಡಾಗ ನಿನ್ನ ಹಣಿಗೆ ಭಂಡಾರ ಯಾರ ಹಚ್ಚತಿದ್ರು?… ನಾನ. ನಾ ಸಣ್ಣಾಕಿ ಇದ್ದಾಗ ಬಗ್ಗಿ ಹಣಿ ಕೊಡ್ತಿದ್ದಿ, ನಿನ್ನಷ್ಟ ಎತ್ತರ ಬೆಳದ ಮ್ಯಾಲೂ ಬಗ್ಗತಿದ್ದಿ. ಹಚ್ಚಿಸ್ಕೊಂಡ ಮ್ಯಾಲೆ ಸೀಮಿ ದಾಟೂ ತನಕ ಹಿಂದ ತಿರುಗಿ ನೋಡಬಾರ್ದು ನೀ. ನೋಡ್ತಿದ್ದಿಲ್ಲ. ನಾ ಊರ ಅಗಸಿ ಬಾಗಲದಾಗ ನಿಂತು ನಿನ್ನ ಬೆನ್ನ ನೋಡಕೊಂತ ಇರಾಕಿ. ಈಗ ನಾ ಹೊಂಟೇನಿ. ನನಗ ಯಾರ ಹಚ್ಚಬೇಕು?…

…ಬಾ. ನಾಳೆ ಮುಂಜಾನಿ ಸ್ಟೇಶನ್ನಿಗೆ ಬಾ. ಹೂ ಎಡಕ್ಕ ಬಿದ್ದೈತಿ, ಪೂಜಾರಿ ಭಂಡಾರ ಕೊಟ್ಟಿಲ್ಲ, ತಿಳೀತು. ಅವ್ವನ ಒಲಿ ಮುಂದಿನ ಅರಿಷಿಣ ನಾನ ತರ್ತೇನಿ, ಅದನ್ನ ಹಚ್ಚು. ನೀ ಬರ್ಲಿಲ್ಲ ಅಂದ್ರ ಬರಿ ಹಣಿಲೆ ಹೋಗ್ತೇನಿ. ಮಿರಜ ಬರೂ ತನಕ ಕಿಡಕ್ಯಾಗ ಹಿಂದ ನೋಡಕೊಂತ ಹೋಗ್ತೇನಿ, ಆಗಬಾರದ್ದ ಆದ್ರ ಆಗ್ಲಿ. ಆದ್ರ ಹೋಗಾಕಿ ಹೋಗಾಕಿನ…

…ಏನು?… ಒಲಿ ಮುಂದಿನದು ಬ್ಯಾಡ? ಯಾಕ ಬ್ಯಾಡ?… ಯಾರ ಕಿಸೇದಾಗ ಐತಿ? ನಿನ್ನ ಕಿಸೇದಾಗ?… ಏನೈತಿ ನಿನ್ನ ಕಿಸೇದಾಗ?…

…ಭಂಡಾರ. ಪೂಜಾರಿ ಕೊಟ್ಟದ್ದು. ನಿನ್ನೆ…

…ಕಾಕಾ. ಎಡಕ್ಕ ಬಿದ್ರ ಪೂಜಾರಿ ಭಂಡಾರ ಕೊಡೂದಿಲ್ಲಲ್ಲ… ಮೊದಲ್ನೇ ಹೂ ಯಾವ ಕಡೆ ಬಿದ್ದಿತ್ತು?… ಕಾಕಾ, ಮೊದಲ್ನೇ ಹೂ…

…ಹಲೋ?… ಹಲೋ, ಚಾರ್ಜ್ ಹೋತೇನು?… ಕೇಳಾಕತ್ತಿ ಏನು ಕಾಕಾ? ಅದನ್ನ ತಗೊಂಡ ಬಾ. ಘಟಪ್ರಭಾ ಸ್ಟೇಶನ್, ಮುಂಜಾನಿ ಗಾಡಿ. ಈ ಸಲ ನಾ ಬಗ್ಗತೇನಿ, ನೀ ಹಚ್ಚ… ಹಲೋ?…