ಎಡಗಡೆಯ ಮಡ್ಗಾರ್ಡು

...ಅಲ್ಲಿಗ್ಯಾಕೆ ಹೋಗ್ತೀಯಮ್ಮ, ಗೋಡೆ ಕಡೆ ನೋಡೋಕೆ ಏನಿದೆ? ಧೂಳು. ಈ ಕಡೆ ಬಾ, ನೀವೆಸ್, ಬೆಳಕು ಚೆನ್ನಾಗಿದೆ. ಅಲ್ಲೋದೊಲ ಕಾರನ್ನ ಬಲಗಡೆಯಿಂದಲೇ ನೋಡ್ಬೇಕು. ಯಾರು ಹೇಳಿದ್ದಾ? ನಾನೇ. ಐವತ್ತು ವರ್ಷ ಇದೇ ತುರಿನ್‌ನಲ್ಲಿ ತಗಡು ಬಡಿದ ಸೆಕೊಂದೊ ಹೇಳಿದ್ರೆ ಸಾಲದಾ?

ಗೊತ್ತು, ಗೊತ್ತು, ನಿಮ್ಮಪ್ಪನ ಹೆಸರು. ಹನ್ನೊಂದು ಗಂಟೆಗೆ ಈ ಮ್ಯೂಸಿಯಮ್ಮಿನವರು ಕಾರಿನ ಫಲಕಕ್ಕೆ ತಿರುಪು ಹಾಕೋಕೆ ಬರ್ತಾರೆ, ಅದರಲ್ಲಿ ನನ್ನ ಹೆಸರಿನ ಪಕ್ಕ ಎವಾಜಿಯೊ ಹೆಸರೂ ಇರ್ಲಿ ಅಂತೀಯ. ನಾನು ಬೇಡ ಅಂದ್ನಾ? ಪಾಪ, ಚಳಿಗಾಲದಲ್ಲೇ ಹೋದ ಅಂತೆ. ನನಗೆ ಯಾರೂ ಹೇಳಲೇ ಇಲ್ಲ. ಮೊದಲು ಕಾರುಗಳನ್ನ ನೋಡು, ಆಮೇಲೆ ಫಲಕ.

ಆ ಕೊನೇದು ಇದೆಯಲ್ಲ, ಎಂಬತ್ತೆಂಟನೇ ಇಸವೀದು, ಮೂರನೇ ಅಲ್ಲೋದೊಲ. ಸುತ್ತಲೂ ಪ್ಲಾಸ್ಟಿಕ್ ಪಟ್ಟಿ. ಬಂದಾಗ ಏನು ಮೆರೆದಾಡ್ತು ಅಂತೀಯ. ಈಗ ನೋಡು, ಪಟ್ಟಿಯೆಲ್ಲ ಬಿಳಿಚಿಕೊಂಡು ಹಳೇ ಬಕೆಟ್ಟಿನ ಹಾಗಿದೆ. ತಗಡಿಗೆ ವಯಸ್ಸಾಗುತ್ತೆ, ಪ್ಲಾಸ್ಟಿಕ್ಕು ಬರೀ ಹಾಳಾಗುತ್ತೆ.

ನಡುವಿನದು, ಎಪ್ಪತ್ತೈದರದು, ಅಳತೆಪಟ್ಟಿ ಇಟ್ಟು ಗೀಚಿದ್ದು. ಎಲ್ಲಾ ಮೂಲೆ, ಎಲ್ಲಾ ಚೂಪು. ಇಪ್ಪತ್ತು ವರ್ಷ ಅದನ್ನ ಆಡಿಕೊಂಡು ನಕ್ಕಿದ್ದೀನಿ. ಈಗಿನ ಹುಡುಗರು ಅದರ ಮುಂದೇನೇ ನಿಂತು ಫೋಟೋ ತೆಗೀತಾರೆ, ನನಗೆ ಮೈಯೆಲ್ಲ ಉರಿಯುತ್ತೆ. ಹತ್ತು ವರ್ಷ ಆದ್ರೆ ಯಾವ ಕಾರೂ ಹಳಸಲೇ. ಮೂವತ್ತು ದಾಟಿದ ಮೇಲೆ ನೋಡ್ಬೇಕು, ಯಾವುದು ಉಳೀತು ಅಂತ. ಹಾಗೆ ನೋಡಿದ್ರೆ ಅದೂ ಉಳೀತು. ಒಪ್ಕೊಳ್ಳೋಕೆ ನನಗೆ ಇಷ್ಟ ಇಲ್ಲ, ಆದ್ರೂ ಉಳೀತು.

ಆದ್ರೆ ಇದು, ಮೊದಲನೇದು, ಅರವತ್ನಾಲ್ಕರದು. ಇದಕ್ಕೆ ವಯಸ್ಸೇ ಆಗಿಲ್ಲ. ಈ ಹಿಂದಿನ ಮಡ್ಗಾರ್ಡಿನ ಗೆರೆ ನೋಡು...

ಯಾಕೆ ಹಾಗೆ ತಲೆ ಅಲ್ಲಾಡಿಸ್ತೀಯ? ಪುಸ್ತಕದಲ್ಲಿರೋ ಫೋಟೋ ಎಲ್ಲ ಎಡಗಡೇದಾ? ಇರಬಹುದಮ್ಮ. ಫೋಟೋದವರಿಗೆ ಬೆಳಕು ಎಲ್ಲಿ ಬಿತ್ತೋ ಅಲ್ಲಿಂದ ತೆಗೀತಾರೆ. ತಗಡು ಇಟ್ಟು ಬಡಿಯೋ ಮರದ ಅಚ್ಚು ಒಂದೇ. ನಾನು ಬಲಗಡೆ ಬಡಿದೆ, ನಿಮ್ಮಪ್ಪ ಎಡಗಡೆ. ಎರಡೂ ಒಂದೇ ಥರ ಬರ್ಬೇಕಲ್ವಾ.

ಬರ್ಲಿಲ್ಲ. ಹೂಂ, ಬರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ನಿಮ್ಮಪ್ಪ ಎಡಚ. ಅವನ ಸುತ್ತಿಗೆ ಬೀಳ್ತಿದ್ದ ರೀತೀನೇ ಬೇರೆ. ತಗಡು ಅಚ್ಚನ್ನ ಬಿಟ್ಟು ಒಂದು ಬೆರಳಷ್ಟು ಕೆಳಗಿಳಿದು ಉಬ್ಬಿತ್ತು. ನಮ್ಮ ವರ್ಕ್‌ಶಾಪಿನ ಯಜಮಾನ ನೋಡಿ ಕೆಂಡಾಮಂಡಲ. ತಿದ್ದೋಕೆ ಟೈಮಿಲ್ಲ, ಜಿನೀವಾ ಪ್ರದರ್ಶನಕ್ಕೆ ಕಾರು ಹೊರಡ್ಬೇಕು. "ಇದನ್ನ ಕೆಡಿಸಿದ್ದು ಯಾರು" ಅಂದ. ನಾನು ಹೇಳಿದೆ. ನಿಜ ತಾನೇ ಹೇಳಿದ್ದು? ಮಾರನೇ ಬೆಳಿಗ್ಗೆ ನಿಮ್ಮಪ್ಪ ಸುತ್ತಿಗೆಗಳನ್ನ ಬಟ್ಟೇಲಿ ಸುತ್ತಿಕೊಂಡು ಹೊರಟ.

ಎದೆ ನೋವು ಅಂತ ಅವನೇ ಕೆಲಸ ಬಿಟ್ಟ ಅಂತ ನಾನು ಅಂದಿದ್ನಾ? ಯಾವಾಗ? ಆಗಲೇ, ಬಾಗಿಲ ಹತ್ರಾನಾ... ಸರಿ, ಅಂದಿರಬಹುದು. ವಯಸ್ಸಾಯ್ತು.

ಜಿನೀವಾದಲ್ಲಿ ಏನಾಯ್ತು ಅಂದ್ರೆ, ಜನ ಎಲ್ಲ ಎಡಗಡೆ ಗುಂಪು ಕಟ್ಟಿದ್ರು. ಬಲಗಡೆ ಒಂದು ನರಪಿಳ್ಳೆ ಇಲ್ಲ. ಈ ಗೆರೆ ಯಾರ ಕೈದು ಅಂತ ಪತ್ರಿಕೆಯವರು ಕೇಳಿದ್ರು. ಯಜಮಾನನಿಗೆ ಹಿಂದಿನ ವಾರ ತಾನೇ ಅಟ್ಟಿದವನ ಹೆಸರು ಹೇಳೋಕೆ ಬಾಯಿ ಬರುತ್ತಾ? ಪಕ್ಕದಲ್ಲಿ ನಾನಿದ್ದೆ. ನನ್ನ ಹೆಗಲ ಮೇಲೆ ಕೈ ಹಾಕಿದ. ನಾನು ತಲೆ ಬಗ್ಗಿಸಿದೆ, ಅಷ್ಟೆ. ಮಾತಾಡಿದ್ನಾ? ಒಂದು ಮಾತೂ ಆಡ್ಲಿಲ್ಲ. ಆಮೇಲೆ ಇದೇ ಮಾದರೀಲಿ ಬಂದ ಕಾರುಗಳ ಬಲಗಡೇನೂ ನಿಮ್ಮಪ್ಪನ ಗೆರೆ ನೋಡಿಕೊಂಡೇ ಬಡಿದೆ. ನನ್ನ ಕೈ ಬಡಿದ ನನ್ನ ಗೆರೆ ಇರೋದು ಈ ಕಾರಿನ ಈ ಬದಿ ಒಂದರಲ್ಲೇ. ಅದನ್ನಾದ್ರೂ ಜನ ನೋಡ್ಲಿ ಅಂತ, ಇದನ್ನ ನಿಲ್ಲಿಸುವಾಗ ಎಡಗಡೇನ ಗೋಡೆಗೆ ತಿರುಗಿಸಿ ಅಂದೆ. ತಪ್ಪಾ?

ನೀವೆಸ್, ಎಲ್ಲಿದ್ದೀಯ? ಆ ಸಂದೀಲಿ ತೂರಬೇಡಮ್ಮ, ಬಟ್ಟೆ ಕೊಳೆಯಾಗುತ್ತೆ. ಮಡ್ಗಾರ್ಡಿನ ಒಳಗೆ ಕೈ ಯಾಕೆ ಹಾಕ್ತಿದ್ದೀಯ? ಗುರುತಾ? ಹೌದು, ಬಡಿಯೋರೆಲ್ಲ ಯಾರಿಗೂ ಕಾಣದ ಹಾಗೆ ಒಳಗೆ ತಮ್ಮ ಗುರುತು ಹೊಡೀತಿದ್ರು, ಕೊಂಡವನಿಗೂ ಗೊತ್ತಾಗ್ತಿರ್ಲಿಲ್ಲ. ನಂದು ಅಡ್ಡಗೀಟು. ನಿಮ್ಮಪ್ಪಂದು ಮೂರು ಚುಕ್ಕಿ. ಹೇಳಿದ್ನಾ ಅವನು? ಸಾಯೋ ಮುಂಚೆನಾ...

ಸಿಗಲ್ಲ ಬಿಡು. ಅವನು ಮರೆತಿರ್ತಾನೆ. ಇಷ್ಟು ವರ್ಷದ ಕೆಸರು, ಕಲ್ಲು, ಸವೆದಿರುತ್ತೆ.

ಕೈ ಯಾಕೆ ನಿಂತ್ಬಿಡ್ತು?

ನೀವೆಸ್. ಬೈಯಿ ಬೇಕಾದ್ರೆ.

...ಸುತ್ತ ಎಲ್ಲ ಒರಟು, ಅಲ್ಲಿ ಮಾತ್ರ ನುಣುಪು. ಅಲ್ವಾ? ಕೈಗೆ ಗೊತ್ತಾಗುತ್ತೆ. ಎವಾಜಿಯೊ ಮಗಳ ಕೈಗೆ ಗೊತ್ತಾಗದೆ ಇರುತ್ತಾ. ನನ್ನ ಕೈ ಯಾಕೆ ಹಾಗೆ ನೋಡ್ತೀಯ? ಹೌದು, ಅರ ಹಿಡಿದು ಆ ಮೂರು ಚುಕ್ಕೀನ ಉಜ್ಜಿದ್ದು ಇದೇ ಕೈ. ಕಾರು ರಿಪೇರಿಗೆ ಬಂದಿತ್ತು, ಒಬ್ಬನೇ ಇದ್ದೆ. ತಗಡು ತೆಳು. ಜೋರಾಗಿ ಉಜ್ಜಿದ್ರೆ ಹೊರಗಿನ ಗೆರೆ ಕೆಡ್ತಿತ್ತು. ಅಂಥ ಗೆರೆ ಕೆಡಿಸೋಕೆ ನನಗೆ ಮನಸ್ಸು ಬರ್ಲಿಲ್ಲ ಮಗಳೇ. ಅದಕ್ಕೇ ಮೆತ್ತಗೆ, ಅರ್ಧ ದಿನ ಕೂತು ಉಜ್ಜಿದೆ.