ಎಲೆಕ್ಷನ್ ವರ್ಷ ನಾನು ವಾಪಸ್ ಕಳಿಸಿದ ಹಾಲು

...ಅಂಗಲ್ಲ ಕಣ್ರವ್ವ, ಫೋನ್ನ ಆಚೆಗಿಡಿ ಮೊದ್ಲು. ಅಕ್ಕ ತಂಗೀರು ನೀವು, ಒಂದೇ ತಟ್ಟೇಲಿ ಉಂಡೋರು, ಅವಳ ಪಾರ್ಟಿ ನಿನ್ನ ಪಾರ್ಟಿ ಅಂತವ ಮೂರು ದಿನದಿಂದ ಮಾತು ಬುಟ್ಟಿದ್ದೀರಲ್ಲ, ನಂಗೆ ಭಯ ಆಗ್ತದೆ. ಯಾಕೆ ಅಂದ್ರೆ ನಾನು ಕಂಡಿವ್ನಿ ಇದ. ಕಂಡಿವ್ನಿ ಏನು, ನಾನೇ ಮಾಡಿವ್ನಿ. ಇಲ್ಲಿ ಬನ್ನಿ, ಈ ಜಗಲಿ ಮ್ಯಾಲೆ ಕೂತ್ಕಳಿ, ಇಬ್ರೂ.

ಹೋದ್ಸಲ ದೆಲ್ಲಿಗೆ ಎಂಪಿ ಕಳ್ಸೋ ಎಲೆಕ್ಷನ್ ಬಂತಲ್ಲ, ನೀವು ಆಗ ಹುಣಸೂರ್ನಾಗೆ ಆಸ್ಟಲ್ಲಲ್ಲಿ ಇದ್ರಿ, ನಿಮ್ಗೆ ಗೊತ್ತಿಲ್ಲ. ಆಗ ನಾನು ಡೈರೀಲಿ ಹಾಲು ಟೆಸ್ಟ್ ಮಾಡೋ ಕೆಲಸದಾಗಿದ್ದೆ. ಆಗ್ಲೇ ಹತ್ತೊಂಬತ್ತು ವರ್ಷ ಆಗಿತ್ತು ಸೇರಿ, ಅಲ್ಲ ಅಲ್ಲ, ಇಪ್ಪತ್ತು, ನಿಮ್ಮವ್ವನ ಮದುವೆ ಆದ ವರ್ಷವೇ ಸೇರಿದ್ದು ನಾನು. ಗಾಜಿನ ಕಡ್ಡಿ ಇರ್ತದೆ ನೋಡಿ, ಹಾಲಿಗೆ ಬುಟ್ರೆ ಒಳ್ಳೆ ಹಾಲಾದ್ರೆ ತೇಲ್ತದೆ, ನೀರು ಬೆರ್ಸಿದ್ರೆ ಮುಳುಗ್ತದೆ. ಅಷ್ಟೇ ಕೆಲಸ. ಆದ್ರೆ ಊರೆಲ್ಲ ಆ ಕಡ್ಡೀನೇ ನೋಡ್ತಾ ನಿಂತಿರ್ತದೆ. ಈ ನಂಜಮ್ಮ ಸರಿ ಅಂದ್ರೆ ಸರಿ, ಇಲ್ಲ ಅಂದ್ರೆ ಇಲ್ಲ. ನಿಮ್ಮ ತಾತನ ಮಾತ್ಗೂ ಅಷ್ಟು ಬೆಲೆ ಇರ್ನಿಲ್ಲ ಬುಡಿ.

ಆ ವರ್ಷ ಊರು ಎರಡು ಹೋಳಾಗೋಯ್ತು. ಮ್ಯಾಲಿನ ಬೀದಿ ಒಂದು ಪಾರ್ಟಿ, ಕೆಳಗಿನ ಬೀದಿ ಇನ್ನೊಂದು. ಯಾವುದು ಯಾವ ಪಾರ್ಟಿ ಅಂತ ನಾನು ಹೇಳಾಕಿಲ್ಲ, ಹೇಳಿದ್ರೆ ನೀವು ಮತ್ತೆ ಶುರು ಮಾಡ್ತೀರ. ಮೊದ್ಲೂ ಎಲೆಕ್ಷನ್ ಬಂದಿದ್ವು, ಪಂಚಾಯ್ತಿ ಎಲೆಕ್ಷನ್ನಲ್ಲಿ ತಲೆಗಳೇ ಒಡೆದಿದ್ವು, ಆದ್ರೆ ಮಾರನೇ ವಾರ ಸರಿ ಓಗ್ತಿತ್ತು. ಇದು ಅಂಗಲ್ಲ. ಎಲ್ಲೋ ಕಾಣದ ದೆಲ್ಲೀಲಿ ಯಾರೋ ಏನೋ ಅಂದ ಅಂತ ಫೋನಲ್ಲಿ ಬರೋದು, ಇವ್ರು ಇಲ್ಲಿ ಹಲ್ಲು ಕಡಿಯೋದು. ಹೊಗೆಸೊಪ್ಪಿನ ಸಸಿ ನೆಡಕ್ಕೆ ಒಬ್ರ ಹೊಲಕ್ಕೆ ಒಬ್ರು ಮುಯ್ಯಾಳು ಓಗ್ತಿದ್ದೋರು ನಿಲ್ಲಿಸ್ಬುಟ್ರು. ಟೀ ಅಂಗಡಿ ಬ್ಯಾರೆ ಬ್ಯಾರೆ ಆದ್ವು. ಸಾವಿಗೂ ಒಬ್ರ ಅಟ್ಟಿಗೆ ಒಬ್ರು ಬರ್ನಿಲ್ಲ ಅಂದ್ರೆ ನೋಡಿ. ಉಳಿದಿದ್ದು ಡೈರಿ ಒಂದೇ. ಹಸ ಯಾವ ಪಾರ್ಟಿ ಆದಾತು, ಬೆಳಿಗ್ಗೆ ಆರು ಗಂಟೆಗೆ ಎರಡು ಬೀದಿಯೋರೂ ಒಂದೇ ಸಾಲಲ್ಲಿ ನಿಲ್ಲಬೇಕಿತ್ತು. ನಿಲ್ಲೋರು, ಮಾತಿಲ್ಲ ಕತೆಯಿಲ್ಲ, ಮೊಕ ಅತ್ಲಾಗೆ.

ನನ್ನ ಮೈದ ಶಿವಮಲ್ಲಪ್ಪ, ನಿಮ್ಮ ಚಿಕ್ಕತಾತ, ಅವನೇ ಡೈರಿ ಅಧ್ಯಕ್ಷ, ಅವನೇ ಮ್ಯಾಲಿನ ಬೀದಿ ಪಾರ್ಟಿ ಮುಖಂಡ. ಕೆಟ್ಟೋನು ಅಂತ ಅನ್ಕಬ್ಯಾಡಿ. ನಂಗೆ ಆಪ್ರೇಷನ್ ಆದಾಗ ಮೈಸೂರು ಆಸ್ಪತ್ರೇಲಿ ಹದಿನೈದು ದಿನ ನೆಲದ ಮ್ಯಾಲೆ ಮಲಗಿದ್ದೋನು ಅವ್ನು. ಆದ್ರೆ ಆ ವರ್ಷ ಅವ್ನು ಅವ್ನಾಗಿರ್ನಿಲ್ಲ. ವೋಟಿಗೆ ಇನ್ನು ಐದು ದಿನ ಇದ್ದಂಗೆ ಅವ್ರ ಕಡೆ ದೊಡ್ಡ ಮನುಷ್ಯ ಯಾರೋ ಕಾರಲ್ಲಿ ಬಂದ. ಶಿವಮಲ್ಲ ಅವ್ನ ಕರ್ಕಂಡು ಕೆಳಗಿನ ಬೀದಿಗೂ ಓದ, ಆ ಪುಟ್ಟಲಕ್ಷ್ಮಿ ಬಾಗಿಲಿಗೆ. ಪುಟ್ಟಲಕ್ಷ್ಮಿ ಗಂಡ ಸತ್ತೋಳು, ಒಂದೇ ಹಸ, ಬಾಯಿ ಮಾತ್ರ ಹತ್ತು ಹಸಿಂದು. "ಅವ್ವಾ, ನಿನ್ನ ವೋಟು ನಮ್ಗೇ ಅಲ್ವಾ?" ಅಂದ್ನಂತೆ ದೊಡ್ಡ ಮನುಷ್ಯ. ಇವ್ಳು ಸಗಣಿ ಕೈಲೇ ಸೊಂಟಕ್ಕೆ ಕೈ ಕೊಟ್ಕಂಡು, "ನನ್ನ ವೋಟು ನಿಮ್ಗಲ್ಲ ಕಣಪ್ಪ. ಬಿಸ್ಲಲ್ಲಿ ಬಂದಿದ್ದೀರಿ, ಮಜ್ಜಿಗೆ ಬೇಕಾದ್ರೆ ಕುಡ್ಕಂಡು ಓಗಿ" ಅಂದ್ಳಂತೆ. ಎಲ್ಲಾ ನಕ್ಬುಟ್ರು. ಕಾರಲ್ಲಿ ಬಂದೋನೂ ನಕ್ಕ. ಶಿವಮಲ್ಲ ಒಬ್ಬ ನಗ್ನಿಲ್ಲ.

ಮಾರನೇ ದಿನ ಡೈರಿ ಬಾಗಿಲು ತೆಗೆಯಕ್ಕೆ ಮುಂಚೆ ಬಂದು ನಿಂತಿದ್ದ. "ಅತ್ಗೆ, ಇವತ್ತು ಪುಟ್ಟಲಕ್ಷ್ಮಿ ಹಾಲು ವಾಪಸ್ ಕಳ್ಸಿ." "ಯಾಕಪ್ಪ?" ಅಂದೆ. "ನೀರು ಬೆರ್ಸವ್ಳೆ." "ಹಾಲೇ ಬಂದಿಲ್ಲ, ನೀರು ಎಲ್ಲಿ ಕಾಣ್ತು ನಿಂಗೆ?" ಅವ್ನು ನನ್ನ ಮೊಕಾನೇ ನೋಡ್ದ. "ನೀವು ನಮ್ಮ ಕಡೆಯೋ, ಅವ್ರ ಕಡೆಯೋ? ಜನ ಆಗ್ಲೇ ಕೇಳ್ತಾವ್ರೆ" ಅಂದ. ನಾನು ಅಟ್ಟಿಗೆ ಬಂದು ನಿಮ್ಮ ತಾತನ್ನ ಕೇಳ್ದೆ. ಆ ಮನುಷ್ಯ ಬೀಡಿ ಹಚ್ಕಂಡು, "ತಮ್ಮ ಹೇಳ್ದಂಗೆ ಮಾಡು, ಎಲೆಕ್ಷನ್ ಮುಗಿದ್ರೆ ಎಲ್ಲಾ ಸರಿ ಓಗ್ತದೆ" ಅಂದ್ರು.

ಮಾಡ್ಬುಟ್ಟೆ ಕಣ್ರವ್ವ. ಕಡ್ಡಿ ಬುಟ್ಟೆ, ತೇಲ್ತು, ಚೆಂದಾಗಿ ತೇಲ್ತು. ನಾನು ಅಂಗೈ ಅಡ್ಡ ಇಟ್ಕಂಡು, "ನೀರದೆ, ತಕ್ಕಂಡೋಗು" ಅಂದೆ. ಅವ್ಳಿಗೆ ಅರ್ಥ ಆಗ್ನಿಲ್ಲ ಮೊದ್ಲು. "ಯಾರ್ದು? ನಂದಾ?" ಅಂದ್ಳು. ಆಮೇಲೆ, "ನಂಜಕ್ಕ, ನನ್ನ ಮೊಕ ನೋಡ್ಕಂಡು ಹೇಳು" ಅಂದ್ಳು. ನಾನು ತಲೆ ಎತ್ನಿಲ್ಲ. "ಮುಂದಿನೋರು ಬನ್ನಿ" ಅಂದೆ. ಅವ್ಳು ಡೈರಿ ಮೆಟ್ಟಿಲ ಮ್ಯಾಲೆ ನಿಂತ್ಕಂಡು ಹಾಲ್ನೆಲ್ಲಾ ಮಣ್ಣಿಗೆ ಸುರಿದ್ಬುಟ್ಟು ಓದ್ಳು. ಮಾರನೇ ದಿನ ಮತ್ತೆ ತಂದ್ಳು, ಮತ್ತೆ ನಾನು ಅದೇ ಹೇಳ್ದೆ. ಎರಡನೇ ಸಲ ಸುಳ್ಳು ಸಲೀಸಾಗಿ ಬಂತು ನೋಡಿ, ಅದು ನಂಗೆ ಇವತ್ತಿಗೂ ಭಯ. ಮೂರು ಸಲ ಅಂಗಾದ್ರೆ ಮೆಂಬರ್ ಪಟ್ಟೀಲಿ ಹೆಸರು ಹೊಡೆದಾಕ್ತಾರೆ, ಅದು ಡೈರಿ ರೂಲ್ಸು. ನಮ್ಮ ಬೀದಿ ಹೆಂಗಸ್ರು ಅವ್ಳು ಹೋಗ್ತಿದ್ರೆ "ನೀರ್ಲಕ್ಷ್ಮಿ ಬಂದ್ಳು" ಅಂತವ ನಗೋರು. ನಾನೂ ಅಲ್ಲೇ ನಿಂತಿರ್ತಿದ್ದೆ.

ಆಮೇಲೆ ಕೆಳಗಿನ ಬೀದಿಯೋರು ಒಬ್ರೂ ಬರ್ನಿಲ್ಲ. ಹಾಲು ಹೊತ್ಕಂಡು ದೂರದ ಹನಗೋಡು ಡೈರಿಗೆ ಓಗೋರು. ಒಂದಿನ ಸಾಯಂಕಾಲ ಅವ್ರ ಹರೇದ ಹೈಕಳು ಮೂವತ್ತು ಜನ ಬಂದು ಡೈರಿ ಮುಂದೆ ಸುಮ್ನೆ ನಿಂತ್ಕಂಡ್ರು. ಕೂಗ್ನಿಲ್ಲ, ಕಲ್ಲು ಹೊಡೀನಿಲ್ಲ, ಸುಮ್ನೆ. ನಾನು ಒಳಗೆ ಒಬ್ಳೇ. ನಮ್ಮ ಕಡೆಯೋರು ದೊಣ್ಣೆ ತಕ್ಕಂಡು ಬಂದು ಎದುರಿಗೆ ನಿಂತ್ರು. ಒಬ್ಬ ಒಂದು ಹೆಜ್ಜೆ ಮುಂದಿಟ್ಟಿದ್ರೆ ಹೆಣ ಬೀಳ್ತಿತ್ತು, ಅದು ನನ್ನ ಬಾಯಿಂದ ಬಿದ್ದ ಮಾತಿಗೆ. ಯಾರೋ ಫೋನ್ ಮಾಡಿ ಪೊಲೀಸ್ ಜೀಪು ಬಂತು, ಚೆದುರಿದ್ರು.

ವೋಟಿನ ದಿನ ಬೆಳಿಗ್ಗೆ, ವೋಟು ಹಾಕೋ ಶಾಲೆ ಬಾಗಿಲು ಇನ್ನೂ ತೆಗೆದಿರ್ನಿಲ್ಲ, ಪುಟ್ಟಲಕ್ಷ್ಮಿ ಒಬ್ಳೇ ಹಾಲು ತಕ್ಕಂಡು ಡೈರಿಗೆ ಬಂದ್ಳು. ಮೂರನೇ ಸಲ. ಹಿಂದುಗಡೆ ದೂರದಲ್ಲಿ ಅವ್ರ ಬೀದಿ ಜನ. ಶಿವಮಲ್ಲ ರಿಜಿಸ್ಟರ್ ಹತ್ರ ಪೆನ್ನು ಹಿಡ್ಕಂಡು ಕೂತಿದ್ದ. ಕಡ್ಡಿ ಬುಟ್ಟೆ. ತೇಲ್ತು. ಲೋಟ ಎತ್ಕಂಡು ಹೊರಗೆ ಬಂದೆ, ಎಲ್ರಿಗೂ ಕಾಣಂಗೆ ಹಿಡಿದೆ. "ನೋಡ್ರಪ್ಪ, ಒಳ್ಳೆ ಹಾಲು. ಆ ಎರಡು ದಿನವೂ ಒಳ್ಳೆ ಹಾಲೇ. ನಾನು ಸುಳ್ಳು ಹೇಳ್ದೆ" ಅಂದೆ. ಶಿವಮಲ್ಲ ಎದ್ದು ಬಂದ. "ಅತ್ಗೆ, ಒಳಕ್ಕೆ ಬನ್ನಿ." "ಬರಾಕಿಲ್ಲ." "ನಮ್ಮ ಮನೆತನದ ಮರ್ವಾದೆ..." "ಮರ್ವಾದೆ ಆವತ್ತೇ ಮಣ್ಣಿಗೆ ಬಿತ್ತು ಕಣಪ್ಪ, ಹಾಲಿನ ಜೊತೆ." ಅವ್ನು ಕೈ ಚಾಚಿದ. "ಡೈರಿ ಬೀಗದ ಕೈ ಕೊಡಿ." ಸೊಂಟದಿಂದ ಬಿಚ್ಚಿ ಕೊಟ್ಟೆ. ನಾನು ಹಾಲು ಬುಟ್ಟು ಬಂದ್ರೆ ಇನ್ಯಾರು ತಗೋತಾರೆ ಅಂತವ, ಅವಳ ಹಾಲ್ನ ಕ್ಯಾನಿಗೆ ನಾನೇ ಸುರಿದು, ಬುಕ್ಕಲ್ಲಿ ನನ್ನ ಕೈಯಾರೆ ಬರೆದು, ಆಮೇಲೆ ಇಳಿದು ಬಂದೆ.

ಮಧ್ಯಾನ ವೋಟಿನ ಸಾಲಲ್ಲಿ ನನ್ನ ಹಿಂದೆ ಅವಳೇ. ನಾನೇ ತಿರುಗಿ, "ತಪ್ಪಾಯ್ತು ಪುಟ್ಟಿ" ಅಂದೆ. ಅವ್ಳು, "ಎರಡು ದಿನ ನನ್ನ ಹಸ ಕರೆದಿದ್ದು ಮಣ್ಣಿಗೋಯ್ತು. ವಾಪಸ್ ತರ್ತೀಯಾ?" ಅಂದ್ಳು. "ಇಲ್ಲ" ಅಂದೆ. "ಗೊತ್ತಿರ್ಲಿ" ಅಂದ್ಳು. ಅಷ್ಟೇ. ಮುಂದಕ್ಕೆ ತಳ್ಳಿದ್ಳು ನನ್ನ, ಸಾಲು ಸಾಗಿತ್ತು.

ಕೆಲಸ ಓಯ್ತು. ಶಿವಮಲ್ಲ ಒಂದು ವರ್ಷ ಈ ಅಟ್ಟಿ ಹೊಸ್ಲು ತುಳೀನಿಲ್ಲ, ಯುಗಾದಿಗೂ ಬರ್ನಿಲ್ಲ. ಈಗ ಬತ್ತಾನೆ, ಆದ್ರೆ ನನ್ನ ಜೊತೆ ಬಿಸ್ಲು ಮಳೆ ಮಾತು ಬುಟ್ಟು ಬೇರೆ ಆಡಾಕಿಲ್ಲ. ಕೆಳಗಿನ ಬೀದಿಯೋರು ಡೈರಿಗೆ ವಾಪಸ್ ಬಂದ್ರು, ಎಲ್ರೂ ಅಲ್ಲ, ಮುಕ್ಕಾಲು ಜನ. ಪುಟ್ಟಲಕ್ಷ್ಮಿ ಮಾತಾಡಿಸ್ತಾಳೆ, ನಗ್ತಾಳೆ, ಆದ್ರೆ ಡೈರಿ ಸುದ್ದಿ ಬಂದ್ರೆ ಎದ್ದೋಗ್ತಾಳೆ. ಅವ್ಳಿಗೆ ಹಕ್ಕದೆ. ಇನ್ನು ಗೆದ್ದೋನ ಹೆಸರು, ತಡೀರಿ, ನಾಲಿಗೆ ತುದೀಲದೆ... ಬುಡಿ, ನೆಪ್ಪಿಲ್ಲ.

ಯಾರಿಗಾದ್ರೂ ವೋಟ್ ಹಾಕ್ಕಳಿ ಕಣ್ರವ್ವ, ಜಗಳಾನೂ ಆಡ್ಕಳಿ, ನಾನು ಬ್ಯಾಡ ಅನ್ನಾಕಿಲ್ಲ. ನಮ್ಮ ಕಡೆಯೋರು ಹೇಳುದ್ರು ಅಂತವ, ಕಣ್ಮುಂದೆ ಕಂಡಿದ್ದನ್ನ ಇಲ್ಲ ಅನ್ಬ್ಯಾಡಿ, ಅಷ್ಟೇಯ.