ಅರ್ಧಕ್ಕೆ ನಿಂತ ಪಾಡ್ದನ

ಕೆಸರು ಮೆತ್ತಿದ ನೇಜಿಯ, ಎಂದರೆ ಭತ್ತದ ಸಸಿಗಳ, ಕಟ್ಟುಗಳ ಹಸಿ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಚಿಕ್ಕಂದಿನಲ್ಲಿ ಆ ವಾಸನೆ ಬಂತೆಂದರೆ ವರ್ಕಾಡಿಯ ನಮ್ಮ ಗದ್ದೆಯಲ್ಲಿ ನಾಟಿಯೂ ಹೆಂಗಸರ ಹಾಡೂ ಶುರುವಾಯಿತೆಂದೇ ಅರ್ಥ.

ಮೊನ್ನೆ ಮಗಳ ಮಕ್ಕಳು ಪುರಂದರ ಮತ್ತು ಅಮ್ಮು ಮುಳ್ಳೇರಿಯದಿಂದ ಬಂದವರು ಮಳೆಗೆ ಬಸ್ಸಿಲ್ಲದೆ ಇಲ್ಲೇ ಉಳಿದರು. ನಡುಹಗಲಿಗೇ ಕತ್ತಲು ಕವಿದಿತ್ತು. ಕರೆಂಟೂ ಹೋಯಿತು. ಇಬ್ಬರೂ ಜಗಲಿಗೆ ಬಂದು ನನ್ನ ಚಾಪೆಯ ಮೇಲೆ ಕುಳಿತರು.

"ಅಜ್ಜೀ, ಒಂದು ದೆವ್ವದ ಕತೆ ಹೇಳಿ," ಎಂದಳು ಅಮ್ಮು.

"ಹಲ್ಲಿ ಕಂಡ್ರೆ ಓಡ್ತಾಳೆ, ಇವಳಿಗೆ ದೆವ್ವ ಬೇಕಂತೆ!" ಎಂದು ಪುರಂದರ ಛೇಡಿಸಿದ.

ಅಡುಗೆಮನೆಯಲ್ಲಿ ಸೊಸೆ ಸೌದಾಮಿನಿಯ ಸೌಟಿನ ಸದ್ದು ಕೇಳುತ್ತಿತ್ತು. ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಡದ ಕತೆಯನ್ನು ಅಂದು ಹೇಳಿಬಿಟ್ಟೆ.

"ಕೇಳಿ ಮಕ್ಕಳೇ... ನಲವತ್ತೊಂಬತ್ತನೇ ಇಸವಿ. ನಾನು ಮಂಗಳೂರಲ್ಲಿ ಕಾಲೇಜು ಮುಗಿಸಿ ಬಂದಿದ್ದೆ. ಆಗಿನ ಗೌಜಿ ಎಂಥದ್ದು ಗೊತ್ತುಂಟಾ? ಊರೂರಿಗೆ ಸಾಹಿತ್ಯ ಸಂಘ, ಶಾಲೆಯ ಜಗಲಿಯಲ್ಲಿ ನಾಟಕ, ತಾಳಮದ್ದಳೆ, ಕೈಬರಹದ ಪತ್ರಿಕೆ... ಹಳೆಯ ಹಾಡುಗಳೆಲ್ಲ ಸಾಯ್ತವೆ, ಬರೆದಿಡಬೇಕು ಅಂತ ಭಾಷಣ ಕೇಳಿ ಕೇಳಿ ನಾನೂ ಒಂದು ನೋಟುಬುಕ್ಕು ಹಿಡಿದೆ. ಹಾಡು ಹುಡುಕಿ ದೂರ ಹೋಗಬೇಕಿತ್ತಾ? ನಮ್ಮ ಗದ್ದೆಯಲ್ಲೇ ಇತ್ತಲ್ಲ, ನಾಟಿಗೆ ಬರುವ ಕಿನ್ನಿಯ ಬಾಯಲ್ಲಿ! ಅವಳು ಪಾಡ್ದನದ, ಅದೇ ತುಳುವಿನ ಕತೆಹಾಡಿನ, ಒಂದು ಸಾಲು ಎತ್ತಿದ್ರೆ ಇಪ್ಪತ್ತು ಹೆಂಗಸರು ಅದನ್ನೇ ಹಿಡಿದು ಹಾಡ್ತಿದ್ರು.

"ಆದ್ರೆ ಕಿನ್ನಿ ನಮ್ಮ ಜಗಲಿ ಹತ್ತುವ ಹಾಗಿಲ್ಲ. ಜಾತಿ ನೋಡಿ... ಅವರಿಗೆ ಗಂಜಿ ಕೊಡ್ತಿದ್ದದ್ದು ಹೇಗೆ ಗೊತ್ತಾ? ಇದೇ ಅಂಗಳದ ಮೂಲೆಯಲ್ಲಿ ಗುಳಿ ತೋಡಿ, ಅದಕ್ಕೆ ಬಾಳೆಲೆ ಒತ್ತಿ, ಮೇಲಿಂದ ಸುರಿಯುವುದು. ಕೈಗೆ ಕೊಡುವ ಕ್ರಮವೇ ಇರ್ಲಿಲ್ಲ.

"ಒಂದು ದಿನ ಮಧ್ಯಾಹ್ನ ಗದ್ದೆಯಿಂದ ಬಂದವಳನ್ನು ಕರೆದೆ. 'ಗಂಜಿ ಕುಡಿದು ಬರ್ತೇನೆ ಅಮ್ಮಾ, ಬೆಳಗ್ಗೆಯೂ ಎಂತದೂ ಇಲ್ಲ' ಅಂದಳು. 'ಹಾಡಿ ಮುಗಿಸು ಮಾರಾಯ್ತಿ, ಆಮೇಲೆ ಕುಡಿ' ಅಂದೆ. ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹಾಕಿ ಮಳೆಯಲ್ಲೇ ನಿಂತು ಹಾಡೆತ್ತಿದಳು. ನಾನು ಜಗಲಿಯಲ್ಲಿ ಬೆಚ್ಚಗೆ ಕೂತು, 'ನಿಲ್ಲು ನಿಲ್ಲು, ಬರೆದು ಆಗ್ಲಿಲ್ಲ' ಅಂತಿದ್ದೆ. ನಿಂತಳು. ಆದ್ರೆ ನಡುವಿಂದ ಎತ್ತಲಿಕ್ಕೆ ಅವಳಿಗೆ ಬರುವುದಿಲ್ಲ, ಮತ್ತೆ ಮೊದಲಿಂದಲೇ ಆಗಬೇಕು. ಹಾಗೆ ಎಷ್ಟು ಸಲ ನಿಲ್ಲಿಸಿದೆನೋ... ಎತ್ತಿದ ಹಾಡನ್ನು ಅರ್ಧಕ್ಕೆ ಬಿಟ್ಟು ಹೋದ್ರೆ ದೋಷ ಅಂತ ಅವಳ ನಂಬಿಕೆ. ಅದು ನನಗೂ ಗೊತ್ತಿತ್ತು. ಒಳಗಿಂದ ನನ್ನಮ್ಮ ಎರಡು ಸಲ ಕೂಗಿದ್ರು, 'ಪಂಕಜಾ, ಅವಳ ಹೊಟ್ಟೆಗೆ ಬಿಡೇ!' ಅಂತ. 'ಈಗ ಆಯ್ತು' ಅಂದೆ.

"ಹೊತ್ತು ಇಳಿಯುವಾಗ ಸಂಘದವರು ಕೊಡೆ ಹಿಡಿದು ಬಂದ್ರು. ಹಾಡು ಇನ್ನೂ ಮುಗಿದಿರ್ಲಿಲ್ಲ. ಅವಳನ್ನು ಅಲ್ಲೇ ನಿಲ್ಲಿಸಿ ನಾನು ಒಳಗೆ ಹೋಗಿ ಬರೆದಷ್ಟು ಓದಿದೆ. ಎಲ್ಲರೂ ಭಲೇ ಭಲೇ ಅಂದ್ರು. 'ಹಾಡಿದ್ದು ಯಾರು?' ಅಂತ ಒಬ್ಬರು ಕೇಳಿದ್ರು. 'ಕೆಲಸದವರು' ಅಂದೆ. ಕಿನ್ನಿ ಅಂತ ಹೇಳಲಿಕ್ಕೆ ನನಗೆ ಎಂತ ರೋಗ ಬಂದಿತ್ತು?

"ನೆನಪಾಗಿ ಹೊರಗೆ ಬಂದ್ರೆ ಅಂಗಳ ಖಾಲಿ. ಮರುದಿನ ಬೆಳಿಗ್ಗೆ ತುಂಬಿ ಹರಿಯುವ ತೋಡಿನಲ್ಲಿ, ಕಾಲುಸಂಕದ ಕೆಳಗೆ ಹೆಣವಾಗಿ ಸಿಕ್ಕಿದಳು. ನೀರಿನ ಸೆಳೆತ ಅಂದ್ರು ಎಲ್ಲರೂ. ಹಿಂದಿನ ದಿನವಿಡೀ ಅವಳ ಹೊಟ್ಟೆಗೆ ಒಂದಗುಳು ಬೀಳ್ಲಿಲ್ಲ ಅಂತ ನಾನು ಯಾರಿಗೂ ಹೇಳ್ಲಿಲ್ಲ. ಹಾಡಿನ ಕೊನೆಯನ್ನು ನಾನೇ ಕಟ್ಟಿ, ನನ್ನ ಹೆಸರಲ್ಲಿ ಅಚ್ಚು ಹಾಕಿಸಿದೆ ಮಕ್ಕಳೇ... ಹಾರವೂ ಹಾಕಿಸಿಕೊಂಡೆ.

"ಮರುವರ್ಷ ನಾಟಿ ಶುರುವಾದಾಗ, ಸರಿ ಗಂಜಿಯ ಹೊತ್ತಿಗೆ, ಅಂಗಳದಲ್ಲಿ ಅದೇ ದನಿ. ನಾನು ನಿಲ್ಲಿಸಿದ ಜಾಗದಲ್ಲಿ ನಿಲ್ತದೆ, ಮತ್ತೆ ಮೊದಲಿಂದ... ಗುಳಿ ತೋಡಿ ಬಾಳೆಲೆಯಲ್ಲಿ ಗಂಜಿ ಇಟ್ಟೆವು. ಕಾಗೆಯೂ ಮುಟ್ಟಲಿಲ್ಲ. ಮದುವೆಯಾದ ಮೇಲೂ ನಾನು ತವರಿನ ಈ ಮನೆಯಲ್ಲೇ ಉಳಿದೆ. ಎಷ್ಟೋ ಮಳೆಗಾಲ ಹೀಗೇ ಹೋಯ್ತು. ಆಮೇಲೆ ಸೌದಾಮಿನಿ ಈ ಮನೆಗೆ ಸೊಸೆಯಾಗಿ ಬಂದಳು. ಅವಳು ಹೆದರಲಿಲ್ಲ, ಯಾರನ್ನೂ ಕೇಳಲೂ ಇಲ್ಲ. ಬಟ್ಟಲು ಹಿಡಿದು ಅಂಗಳಕ್ಕೆ ಇಳಿದು, ಎರಡೂ ಕೈಯಲ್ಲಿ ಚಾಚಿ, 'ತಗೊಳ್ಳಿ ಅಮ್ಮ' ಅಂದಳು. ಹಾಡು ನಿಂತಿತು. ಬಟ್ಟಲು ಖಾಲಿಯಾಗಿತ್ತು. ಅಂದಿನಿಂದ ಪ್ರತಿ ನಾಟಿಗೆ ಅವಳೇ ಕೊಡುವುದು. ನಾನು ಬಾಗಿಲ ಹಿಂದೆ. ಯಾವ ಮುಖ ಹೊತ್ತು ಎದುರು ನಿಲ್ಲಲಿ, ಹೇಳಿ?"

ಪುರಂದರನ ತಮಾಷೆ ಎಲ್ಲೋ ಅಡಗಿತ್ತು. "ಈಗಲೂ... ಬರ್ತಾಳಾ ಅಜ್ಜಿ?"

"ಕೆಳಗಿನ ಗದ್ದೆಯಲ್ಲಿ ನಿನ್ನೆಯಷ್ಟೇ ನೇಜಿ ಕಿತ್ತರು ಮಗಾ, ಇವತ್ತು ನಾಟಿ. ಗಂಟೆ ಎಷ್ಟಾಯ್ತು, ನೋಡು."

ಅವನು ಗಡಿಯಾರದತ್ತ ತಿರುಗಲಿಲ್ಲ. ಮಳೆಯ ಸದ್ದಿನೊಳಗಿಂದ, ಅಂಗಳದ ಮೂಲೆಯಲ್ಲಿ, ಹೆಣ್ಣು ದನಿಯೊಂದು ಮೆಲ್ಲನೆ ಸಾಲೆತ್ತಿತು. ನಡುವೆ ನಿಂತಿತು. ಮತ್ತೆ ಮೊದಲಿನಿಂದ ಎತ್ತಿತು. ಅಮ್ಮು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು.

ಸೌದಾಮಿನಿ ಹಬೆಯಾಡುವ ಗಂಜಿಯ ಬಟ್ಟಲಿನೊಂದಿಗೆ ಹೊರಬಂದಳು. ಅವಳಿಗೆ ದಾರಿ ಬಿಡಲೆಂದು ನಾನು ಕಾಲು ಮಡಚಿ ಸರಿದೆ. ಅವಳು ಅಂಗಳಕ್ಕೆ ಇಳಿಯಲಿಲ್ಲ. ಕತೆಯೆಲ್ಲ ಅವಳಿಗೆ ಕೇಳಿಸಿತ್ತು. ನನ್ನ ಎದುರು ಬಗ್ಗಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.